ಬಾಣಂತಿ ಸೂಜಿ

ಅಕ್ಟೋಬರ್ ಬಂತೆಂದರೆ ಅಥಣಿಯ ಹತ್ತಿರದ ನಮ್ಮ ಅನಂತಪುರದ ದ್ರಾಕ್ಷಿ ತೋಟಗಳಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಛಾಟಣಿ ನಡೆದಿರುತ್ತದೆ. ಬಳ್ಳಿಯ ಕಡ್ಡಿಗಳನ್ನು ಅಳತೆಗೆ ಕತ್ತರಿಸಬೇಕು, ಕತ್ತರಿಸಿದ ಬೆನ್ನಿಗೇ ಉಳಿದ ಕಣ್ಣುಗಳಿಗೆ ಚಿಗುರೊಡೆಸುವ ಔಷಧದ ಪೇಸ್ಟ್ ಹಚ್ಚಬೇಕು. ಹಚ್ಚುವುದು ತಡವಾದರೆ ಚಿಗುರು ಒಂದೇ ಸಮನೆ ಒಡೆಯುವುದಿಲ್ಲ, ಇಡೀ ವರ್ಷದ ಬೆಳೆ ಹಿಂದುಮುಂದಾಗುತ್ತದೆ. ಎರಡು ವರ್ಷದ ಹಿಂದೆ ನಮ್ಮ ತೋಟದಲ್ಲಿ ಕತ್ತರಿ ಹಿಡಿದ ದಿನವೇ ನನಗೆ ಜ್ವರ ಬಂತು.

ನಾನು ಅಥಣಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎಂಟನೆಯ ತರಗತಿಯಿಂದ ದಿನಚರಿ ಬರೆಯುವ ರೂಢಿಯಿದೆ. ಆ ವಾರದ ಪುಟಗಳಲ್ಲಿ ಮಾತಿಗಿಂತ ಅಂಕಿ ಹೆಚ್ಚು. ಮೊದಲು ಜ್ವರದ ಅಂಕಿ, ಆಮೇಲೆ ಪ್ಲೇಟ್‌ಲೆಟ್ ಅಂಕಿ. ಸೋಮವಾರ ಎಪ್ಪತ್ತು ಸಾವಿರ. ಮಂಗಳವಾರ ಮೂವತ್ತೊಂದು. ಬುಧವಾರ ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು, ನಿಲ್ಲಲಿಲ್ಲ. ಅಥಣಿಯ ಡಾಕ್ಟರು ಕಣ್ಣರೆಪ್ಪೆ ಎಳೆದು ನೋಡಿ, "ಡೆಂಗ್ಯೂ ಐತ್ರಿ, ಇಲ್ಲಿ ಇಟ್ಕೊಳ್ಳಾಕ ಬರೂದಿಲ್ಲ, ಮಿರಜಕ್ಕ ಒಯ್ರಿ" ಎಂದರು. ನಮ್ಮ ಕಡೆಯವರು ದೊಡ್ಡ ಕಾಯಿಲೆಗೆಲ್ಲ ಗಡಿ ದಾಟಿ ಮಿರಜಕ್ಕೇ ಹೋಗುವುದು. ಅಪ್ಪ ತೋಟದ ಆಳುಗಳಿಗೆ ಕೆಲಸ ಹೇಳಿ, ಗಾಡಿ ಮಾಡಿ, ನನ್ನನ್ನು ಅಲ್ಲಿಗೆ ಒಯ್ದ. ಮಧ್ಯಾಹ್ನ ಆಸ್ಪತ್ರೆಯಲ್ಲಿ ತೆಗೆದ ಲೆಕ್ಕ ಒಂಬತ್ತು ಸಾವಿರ.

ನನ್ನ ರಕ್ತ ಓ ನೆಗೆಟಿವ್. ಇದು ಕಾಲೇಜಿನಲ್ಲಿದ್ದಾಗಲೇ ಗೊತ್ತಿತ್ತು. ಅದರಿಂದ ನನಗೆ ಆವರೆಗೆ ಒಂದೇ ಒಂದು ಲಾಭವಾಗಿತ್ತು: ರಕ್ತದಾನ ಶಿಬಿರಗಳಲ್ಲಿ ಉಳಿದವರಿಗೆ ಒಂದು, ನನಗೆ ಎರಡು ಬಾಳೆಹಣ್ಣು ಕೊಡುತ್ತಿದ್ದರು.

ಅಂದು ಸಂಜೆ ಆಸ್ಪತ್ರೆಯ ರಕ್ತನಿಧಿಯಲ್ಲಿ ನೆಗೆಟಿವ್ ಪ್ಲೇಟ್‌ಲೆಟ್ ಇರಲಿಲ್ಲ. ಸಾಂಗ್ಲಿಯಲ್ಲೂ ಇರಲಿಲ್ಲ. ಪಾಸಿಟಿವ್ ಇತ್ತು. ರಕ್ತನಿಧಿಯ ಡಾಕ್ಟರು ಮಧ್ಯವಯಸ್ಸಿನ ಹೆಂಗಸು, ನಿಪ್ಪಾಣಿ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಅವರು ನನ್ನ ಹಾಸಿಗೆಯ ಹತ್ತಿರವೇ ಬಂದು, ಅಪ್ಪ ಮತ್ತು ನಾನು ಇಬ್ಬರೂ ಕೇಳುವಂತೆ ಹೇಳಿದರು.

"ನೋಡ್ರಿ, ಪಾಸಿಟಿವ್ ಮಂದಿಯ ಕೆಂಪು ಕಣದ ಮ್ಯಾಲ ಡಿ ಅಂತ ಒಂದು ಗುರುತು ಇರ್ತೈತಿ. ನಿಮ್ಮ ಮಗಳ ಕಣಕ್ಕ ಅದು ಇಲ್ಲ. ಪ್ಲೇಟ್‌ಲೆಟ್‌ನ್ಯಾಗ ಕೆಂಪು ರಕ್ತ ತಗದಿರ್ತೀವಿ, ಆದ್ರ ಚೂರು ಉಳದಿರ್ತೈತಿ. ಆ ಚೂರು ನೋಡಿ ಇಕಿ ಮೈ ಇದ್ಯಾರು ಹೊರಗಿನವರು ಬಂದ್ರಂತ ಅದರ ವಿರುದ್ಧ ಆಯುಧ ತಯಾರ ಮಾಡಬಹುದು. ಎಲ್ಲಾರ್ಗೂ ಹಂಗ ಆಗೂದಿಲ್ಲ. ಆದ್ರ ಒಮ್ಮೆ ಆತಂದ್ರ ಜನ್ಮಪೂರ್ತಿ ಉಳೀತೈತಿ."

"ಇಕಿಗೇನರ ತ್ರಾಸ ಆಗ್ತೈತೇನ್ರಿ?" ಅಪ್ಪ ಕೇಳಿದ.

"ಈಗ ಏನೂ ಇಲ್ಲ. ಮುಂದ ಮದುವಿ ಆಗಿ, ಹೊಟ್ಟಿಯೊಳಗಿನ ಕೂಸು ಪಾಸಿಟಿವ್ ಇತ್ತಂದ್ರ ಆ ಆಯುಧ ಕೂಸಿನ ರಕ್ತದ ಮ್ಯಾಲ ಹೋಗ್ತೈತಿ. ಅದಕ್ಕ ಒಂದು ಇಂಜೆಕ್ಷನ್ ಐತಿ, ಆ್ಯಂಟಿ-ಡಿ. ಮೂರು ದಿನದೊಳಗ ಕೊಡಬೇಕು. ಇವತ್ತ ಸ್ನಾಯುಕ್ಕ ಚುಚ್ಚಿದ್ರ ಅಲ್ಲೇ ರಕ್ತ ಹೆಪ್ಪುಗಟ್ತೈತಿ. ನಾಡಿದ್ದು ಲೆಕ್ಕ ಏರಿದ ಮ್ಯಾಲ ಕೊಡೂಣು. ಮರೀಬ್ಯಾಡ್ರಿ."

ಅಪ್ಪನಿಗೆ ತೋಟದ ಕಸಿ ನೆನಪಾಯಿತು. ನಮ್ಮ ತೋಟದ ಬಳ್ಳಿಗಳೆಲ್ಲ ಕಾಡು ಬೇರಿನ ಮೇಲೆ ಕಣ್ಣು ಕಟ್ಟಿ ಬೆಳೆಸಿದವು. "ಅಲ್ರಿ ಡಾಕ್ಟರ, ನಾವು ಕಾಡು ಬೇರಿಗೆ ಬ್ಯಾರೆ ಜಾತಿ ಕಣ್ಣು ಕಟ್ತೀವಿ. ಬೇರು ಏನೂ ಅನ್ನೂದಿಲ್ಲ, ಸುಮ್ನ ನೀರು ಕೊಡ್ತೈತಿ. ಮನಷ್ಯಾನ ಮೈ ಯಾಕ ಇಷ್ಟು ಹಟಮಾರಿ?"

"ನಿಮ್ಮ ಬಳ್ಳಿ ಓಡಿಹೋಗೂದಿಲ್ಲ, ಕಡಿಯೂದಿಲ್ಲ, ಅದಕ್ಕ ಹಟ ಬೇಕಾಗಿಲ್ರಿ" ಎಂದು ಆ ಡಾಕ್ಟರು ನಕ್ಕರು. "ಹಟ ಇದ್ದದ್ದಕ್ಕ ಮನಷ್ಯಾ ಉಳದಾನ."

ಆ ಸಂಜೆ ನಾಲ್ಕು ಪ್ಯಾಕೆಟ್ ನನ್ನ ಕೈಗೆ ಇಳಿದವು. ಕಬ್ಬಿನ ಹಾಲಿನ ಬಣ್ಣ. ನಾಲ್ಕನೆಯದು ಮಾತ್ರ ಸ್ವಲ್ಪ ಗುಲಾಬಿಗೆ ತಿರುಗಿತ್ತು. ಅದನ್ನು ನಾನು ಆಗಲೇ ಬರೆದಿಟ್ಟೆ, ಬರೆಯುವ ಶಕ್ತಿ ಇರದಿದ್ದರೂ ಮೊಬೈಲಿನಲ್ಲಿ ಒತ್ತಿದೆ: "ನಾಲ್ಕನೆಯದು ಗುಲಾಬಿ."

ಬದಲಿಗೆ ರಕ್ತ ಕೊಡಲು ನಮ್ಮೂರಿನಿಂದ ನಾಲ್ವರು ದ್ರಾಕ್ಷಿ ಟೆಂಪೊದಲ್ಲಿ ಬಂದಿದ್ದರು. ಅವರು ಕೊಟ್ಟ ರಕ್ತ ಬೇರೆ ಯಾರಿಗೋ ಹೋಗುತ್ತದೆ, ನನಗೆ ಬಂದದ್ದು ಮೊದಲೇ ಇಟ್ಟಿದ್ದು. ಎಷ್ಟು ಹೇಳಿದರೂ ಪಕ್ಕದ ತೋಟದ ಕಾಕಾ ಒಪ್ಪಲಿಲ್ಲ. ವಾರ್ಡಿನ ಬಾಗಿಲಲ್ಲಿ ನಿಂತು, "ನನ್ನ ರಕ್ತ ಏರಸ್ಯಾರ. ಇನ್ನ ನೋಡು, ನಾಳಿಂದ ನಿನಗ ತಂಬಾಕು ನೆನಪಾಗ್ತೈತಿ" ಎಂದು ಕೈಬೀಸಿ ಹೋದರು.

ರಾತ್ರಿ ಅಪ್ಪ ಊರಿಗೆ ಮರಳಬೇಕಾಯಿತು. ಕತ್ತರಿಸಿದ ಬಳ್ಳಿ ಪೇಸ್ಟಿಗೆ ಕಾಯುತ್ತಿತ್ತು. ಅವ್ವನಿಗೂ ಜ್ವರ ಶುರುವಾಗಿತ್ತು, ಅವಳು ಬರಲಿಲ್ಲ. ನನ್ನ ಹತ್ತಿರ ಇರಲು ಬಂದವರು ಅವ್ವನ ತಮ್ಮ, ಶೇಡಬಾಳದ ಮಾಮಾ. ಶೇಡಬಾಳದಿಂದ ಮಿರಜ ಹತ್ತಿರ, ರೈಲು ಹತ್ತಿದರೆ ಸಾಕು. ಮಾಮಾ ಮೂರು ದಿನ ನನ್ನ ಕಾಲ ಹತ್ತಿರದ ಸ್ಟೂಲಿನ ಮೇಲೆ ಕುಳಿತೇ ಕಳೆದರು. ಪಪ್ಪಾಯಿ ಎಲೆಯ ರಸ, ಎಳನೀರು, ಕಿವಿ ಹಣ್ಣು, ಯಾರು ಏನು ಹೇಳಿದರೆ ಅದನ್ನೆಲ್ಲ ತಂದರು. ನನ್ನ ಬಾಯಿ ಒರೆಸಿದರು. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಮುಂದಿನದನ್ನು ಮಾಡಿದವರೂ ಅವರೇ.

ಶುಕ್ರವಾರ ಲೆಕ್ಕ ನಲವತ್ತೆಂಟು ಸಾವಿರಕ್ಕೆ ಏರಿತು. ಶನಿವಾರ ಬೆಳಿಗ್ಗೆ ಎಪ್ಪತ್ತೈದು. ನರ್ಸು ಒಂದು ಚೀಟಿ ತಂದು, ಈ ಇಂಜೆಕ್ಷನ್ ಕೆಳಗಿನ ಔಷಧದಂಗಡಿಯಿಂದ ತನ್ನಿ, ಇವತ್ತೇ ಕೊಡಬೇಕು ಎಂದಳು. ಮಾಮಾ ಚೀಟಿ ಹಿಡಿದು ಹೋದರು. ಬಹಳ ಹೊತ್ತಿನ ಮೇಲೆ ಬರಿಗೈಯಲ್ಲಿ ಬಂದರು. ಮುಖ ಕೆಂಪಾಗಿತ್ತು. ಸ್ಟೂಲಿನ ಮೇಲೆ ಕೂಡಲಿಲ್ಲ.

"ಸಿಗಲಿಲ್ಲೇನ್ರಿ ಮಾಮಾ?"

ಅವರು ಆಚೀಚೆ ನೋಡಿ ಬಗ್ಗಿ ಮೆಲ್ಲಗೆ ಹೇಳಿದರು. "ಅದು ಯಾವ ಸೂಜಿ ಅಂತ ನಿನಗ ಗೊತ್ತೈತೇನ? ಅಂಗಡಿಯವ ಎಲ್ಲಾರ ಮುಂದ ಕೇಳಿದ, ಪೇಶಂಟಿಗೆ ಬಾಳಂತಪಣ ಆಗೇತೋ, ಗರ್ಭಪಾತ ಆಗೇತೋ ಅಂತ. ಅದು ಬಾಣಂತಿ ಸೂಜಿ! ಕಾಗವಾಡದ ಇಬ್ಬರು ಅಲ್ಲೇ ನಿಂತಿದ್ರು, ನಮ್ಮನ್ನ ಬಲ್ಲವರು. ನಾ ಏನ್ ಹೇಳ್ಲಿ? ನಮ್ಮ ಹುಡುಗಿ ಲಗ್ನಾ ಆಗಿಲ್ಲ ಅಂದ್ನಿ. ಅವ ನನ್ನ ಮಾರಿ ನೋಡಿದ ನೋಡು."

"ಮಾಮಾ, ನನಗ ಪಾಸಿಟಿವ್ ಪ್ಲೇಟ್‌ಲೆಟ್ ಹಾಕ್ಯಾರ. ಅದಕ್ಕ. ಡಾಕ್ಟರು ಹೇಳ್ಯಾರ, ಅಪ್ಪನ ಮುಂದ."

"ಡಾಕ್ಟರು ಹೇಳ್ತಾರ. ನಾಳೆ ಅವರು ಬಂದು ನಿನ್ನ ಲಗ್ನಾ ಮಾಡ್ತಾರೇನ?"

ನರ್ಸು ಮತ್ತೆ ಬಂದಾಗ ಮಾಮಾ, ಔಷಧ ಸಿಗಲಿಲ್ಲ, ಊರಲ್ಲೇ ಕೊಡಿಸುತ್ತೇವೆ ಎಂದು ಮರಾಠಿಯಲ್ಲಿ ಹೇಳಿ ಕಳಿಸಿದರು. ನಾನು ಎದ್ದು ಕುಳಿತು, ಸುಳ್ಳು, ತರಿಸಿರಿ ಎಂದೆ. ನರ್ಸು ನನ್ನನ್ನು ನೋಡಿದಳು, ಮಾಮಾನನ್ನು ನೋಡಿದಳು. ಹಣ ಕಟ್ಟುವವರು, ಸಹಿ ಹಾಕುವವರು ಮಾಮಾ. ಪಕ್ಕದ ಹಾಸಿಗೆಯಲ್ಲಿ ಯಾರೋ ವಾಂತಿ ಮಾಡಿಕೊಂಡರು, ಅವಳು ಅತ್ತ ಓಡಿದಳು. ಮರಳಿ ಬರಲಿಲ್ಲ, ಅವಳ ಪಾಳಿ ಮುಗಿದಿತ್ತು.

ಅಪ್ಪನಿಗೆ ಆರು ಸಲ ಫೋನ್ ಹಚ್ಚಿದೆ. ಪೇಸ್ಟ್ ಹಚ್ಚುವಾಗ ಮೊಳಕೈವರೆಗೆ ರಬ್ಬರ್ ಕೈಗವಸು ಇರುತ್ತದೆ. ಆ ಔಷಧ ಚರ್ಮ ಸುಡುತ್ತದೆ, ಫೋನ್ ಮುಟ್ಟುವಂತಿಲ್ಲ. ಅಪ್ಪನ ಫೋನ್ ತೋಟದ ಗುಡಿಸಲಿನ ಗೂಟಕ್ಕೆ ತೂಗಿದ ಅಂಗಿಯ ಕಿಸೆಯಲ್ಲಿ ಬಡಿದುಕೊಳ್ಳುತ್ತಿತ್ತು. ಸಂಜೆ ಆತ ತಿರುಗಿ ಫೋನ್ ಮಾಡಿದ್ದು ಮಾಮಾಗೆ. ಮಾಮಾ ಹೊರಗೆ ವರಾಂಡಕ್ಕೆ ಹೋಗಿ ಮಾತಾಡಿ ಬಂದರು. "ಲೆಕ್ಕ ಏರೇತಿ, ಇನ್ನ ಆ ಸೂಜಿ ಬ್ಯಾಡಂತ ಅಂತ ಹೇಳೇನಿ. ನೀನೂ ಹಂಗ ಹೇಳು" ಎಂದರು. ನಾನು ನನ್ನ ಫೋನಿನಿಂದ ಅಪ್ಪನಿಗೆ ಮತ್ತೆ ಹಚ್ಚಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆತ "ಹಂಗೇನ" ಎಂದ. "ನಾಳೆ ಬಂದು ನೋಡ್ತೀನಿ" ಎಂದ. ಮರುದಿನ ಅಪ್ಪ ಬರುವ ಹೊತ್ತಿಗೆ ಮೂರು ದಿನ ದಾಟಿತ್ತು. ಭಾನುವಾರ ರಕ್ತನಿಧಿಯ ಆ ಡಾಕ್ಟರು ಇರಲಿಲ್ಲ, ಅಂದೇ ನನ್ನನ್ನು ಮನೆಗೆ ಕಳಿಸಿದರು. ಸೋಮವಾರ ಮನೆಯಿಂದ ಫೋನ್ ಮಾಡಿದಾಗ ಅವರು, ಈಗ ಕೊಟ್ಟರೆ ಎಷ್ಟು ಉಪಯೋಗವಾಗುತ್ತದೋ ಭರವಸೆ ಕೊಡಲಾರೆ, ಆದರೂ ಬನ್ನಿ ಎಂದರು. ಭರವಸೆ ಇಲ್ಲದ ಸೂಜಿಗೆ ಮತ್ತೆ ಮಿರಜಕ್ಕೆ ಹೋಗಲು ಮನೆಯಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ನನಗೆ ಕಟ್ಟೆ ಇಳಿಯುವ ಶಕ್ತಿಯೂ ಇರಲಿಲ್ಲ.

ಕೆಲವು ತಿಂಗಳು ಬಿಟ್ಟು ಒಂದು ಪರೀಕ್ಷೆ ಮಾಡಿಸಲು ಅವರು ಹೇಳಿದ್ದರು. ಮಾರ್ಚ್‌ನಲ್ಲಿ, ಒಣದ್ರಾಕ್ಷಿಯ ಶೆಡ್ಡುಗಳು ತುಂಬಿದ್ದಾಗ, ಶಾಲೆಗೆ ಒಂದು ದಿನ ರಜೆ ಹಾಕಿ ಮಿರಜಕ್ಕೆ ಒಬ್ಬಳೇ ಹೋದೆ. ಪಾಸಿಟಿವ್ ಬಂತು. ನನ್ನ ರಕ್ತವಲ್ಲ, ಆ ಪರೀಕ್ಷೆ. ನನ್ನ ಮೈ ಆ ಗುಲಾಬಿ ಪ್ಯಾಕೆಟ್ಟಿನ ಚೂರನ್ನು ನೋಡಿತ್ತು, ಆಯುಧ ಮಾಡಿಟ್ಟುಕೊಂಡಿತ್ತು.

"ನಿಮಗೆ ಏನ್ ಅನಸ್ತೈತಿ?" ಡಾಕ್ಟರು ಕೇಳಿದರು.

ಸಿಟ್ಟು ಬಂದಿದೆ ಎಂದೆ. ಯಾರ ಮೇಲೆ ಎಂದು ಅವರು ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಮುಂದಿನದನ್ನು ವಿವರಿಸಿದರು. ಗಂಡ ನೆಗೆಟಿವ್ ಆಗಿದ್ದರೆ ಏನೂ ತೊಂದರೆ ಇಲ್ಲ. ಪಾಸಿಟಿವ್ ಆದರೂ ಕೆಲವರ ಮಕ್ಕಳು ನೆಗೆಟಿವ್ ಆಗಬಹುದು. ಕೂಸು ಪಾಸಿಟಿವ್ ಆದರೆ ಬಸಿರಿನ ಉದ್ದಕ್ಕೂ ರಕ್ತ ನೋಡುತ್ತ, ಸ್ಕ್ಯಾನ್ ಮಾಡುತ್ತ ಇರಬೇಕು. ಬೇಕಾದರೆ ಹೊಟ್ಟೆಯೊಳಗಿರುವಾಗಲೇ ಕೂಸಿಗೆ ರಕ್ತ ಕೊಡುವ ದೊಡ್ಡ ಆಸ್ಪತ್ರೆಗಳಿವೆ. ಮೊದಲೇ ಗೊತ್ತಿದ್ದರೆ ದಾರಿಯಿದೆ. ಗೊತ್ತಿಲ್ಲದೆ ಹೋದರೆ ಕೂಸು ಹೋಗುತ್ತದೆ, ಏಕೆ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಏಳುವಾಗ ಅವರು ಇನ್ನೊಂದು ಮಾತು ಹೇಳಿದರು. ಬಾಣಂತಿಯರಿಗೆ ಕೊಡುವ ಆ ಇಂಜೆಕ್ಷನ್ ಬರುವುದೇ ನನ್ನಂಥವರ ರಕ್ತದಿಂದ. ಮೈಯಲ್ಲಿ ಈ ಆಯುಧ ಇರುವವರು ಕೊಟ್ಟ ಪ್ಲಾಸ್ಮಾದಿಂದ, ಎಂದರೆ ರಕ್ತದ ನೀರಿನಿಂದಲೇ ಅದನ್ನು ತಯಾರಿಸುತ್ತಾರೆ. ಕಾಗವಾಡದ ಬಸ್ಸಿನಲ್ಲಿ ಕಿಟಕಿಗೆ ಹಣೆ ಆನಿಸಿ ಇದನ್ನೇ ಯೋಚಿಸಿದೆ. ಮಾಮಾ ನಾಚಿ ಬಿಟ್ಟು ಬಂದ ಆ ಔಷಧ ಈಗ ನನ್ನೊಳಗೇ ಇದೆ. ಇಷ್ಟಾದರೂ ನನ್ನ ಸ್ವಂತಕ್ಕೆ ಅದು ಕೆಲಸಕ್ಕೆ ಬಾರದು. ಆ ದಿನದ ಪುಟದಲ್ಲಿ ಒಂದೇ ಸಾಲು ಇದೆ: "ನನ್ನ ಮೈ ತಪ್ಪು ಮಾಡಿಲ್ಲ."

ಮನೆಯಲ್ಲಿ ಹೇಳಿದೆ. ಅವ್ವ ಒಲೆಯ ಮುಂದೆ ಕುಳಿತವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ಮಾಮಾಗೆ ಫೋನ್ ಮಾಡಿ ಬೈಯುತ್ತಾನೆಂದು ಕಾದೆ, ಬೈಯಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಕರಿದಾಯಿತು. "ಯಾರ್ ಮುಂದೂ ಅನಬ್ಯಾಡ" ಎಂದಳು ಅವ್ವ. ಅಷ್ಟೇ.

ಮುಂದಿನ ದೀಪಾವಳಿ ಮುಗಿದು, ತುಳಸಿ ಲಗ್ನವಾಗಿ, ಮದುವೆಯ ಮಾತುಗಳು ಶುರುವಾದವು. ನಮ್ಮ ಗಡಿಯ ಕಡೆ ಹುಡುಗಿಯ ಬಯೋಡಾಟಾ ಇಲ್ಲದೆ ಮಾತೇ ಏಳುವುದಿಲ್ಲ. ಮೇಲೆ ಗಣಪತಿ, ಕೆಳಗೆ ಹೆಸರು, ಎತ್ತರ, ಬಣ್ಣ, ಶಿಕ್ಷಣ, ಕುಲದೈವ, ಮಾಮಾಂದಿರ ಊರು, ರಕ್ತಗಟ ಎಂದರೆ ರಕ್ತದ ಗುಂಪು. ಮರಾಠಿಯವರಿಂದ ಬಂದ ಈ ರಕ್ತಗಟದ ಸಾಲು ಈಗ ನಮ್ಮವರಿಗೂ ಕಡ್ಡಾಯ. ಗಂಡಿನ ಬಯೋಡಾಟಾದಲ್ಲಿ ಆ ಜಾಗದಲ್ಲಿ ಎಷ್ಟು ಎಕರೆ, ಎಷ್ಟು ಬೋರ್‌ವೆಲ್ ಎಂದು ಇರುತ್ತದೆ.

ಮಾಮಾ ಬೋರಗಾಂವದಿಂದ ಒಂದು ಸಂಬಂಧ ತಂದರು. ಕಬ್ಬಿನ ಹೊಲ, ಮನೆಯ ಹಿಂದೆ ಪವರ್‌ಲೂಮು, ಹುಡುಗ ಇಂಜಿನಿಯರಿಂಗ್ ಓದಿ ಮಗ್ಗ ನೋಡಿಕೊಳ್ಳುತ್ತಾನೆ. ಅವರು ನನ್ನನ್ನು ನೋಡಲು ಬರುವ ಹಿಂದಿನ ಸಂಜೆ ಮಾಮಾ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡರು.

"ನೋಡವ್ವಿ, ಓ ನೆಗೆಟಿವ್ ಅಂತ ಬರದೇವಿ, ಅಷ್ಟ ಸಾಕು. ಆ ಆಯುಧ ಗೀಯುಧ ತಗೀಬ್ಯಾಡ. ಲಗ್ನಾದ ಮ್ಯಾಲ ದವಾಖಾನಿಗೆ ಹೋಗಿ ತೋರಸ್ಕೊಂತ ಇದ್ರಾತು."

"ಲಗ್ನಾದ ಮ್ಯಾಲ ದವಾಖಾನಿಗೆ ಹೋಗೂದು ಯಾರನ್ನ ಕೇಳಿ ಮಾಮಾ? ಅಲ್ಲೂ ಔಷಧದಂಗಡಿ ಇರ್ತೈತಿ, ಅಲ್ಲೂ ಕಾಗವಾಡದವರು ಇಬ್ಬರು ನಿಂತಿರ್ತಾರ."

ಮಾಮಾ ಎದ್ದು ಚಪ್ಪಲಿ ಹುಡುಕತೊಡಗಿದರು. "ಅಕ್ಕಾ, ನಿನ್ನ ಮಗಳ ನಾಲಿಗಿಗೆ ಒಂದು ಛಾಟಣಿ ಮಾಡಸು" ಎಂದು ಒಳಗೆ ಕೂಗಿ ಹೇಳಿದರು. ರಾತ್ರಿ ಅವ್ವ ನನ್ನ ಹತ್ತಿರ ಬಂದು, "ಹೇಳಬ್ಯಾಡವ್ವಾ, ನಿನ್ನ ಕಾಲ ಬೀಳ್ತೀನಿ" ಎಂದಳು. ಅವ್ವ ಹಾಗೆಲ್ಲ ಮಾತಾಡುವವಳಲ್ಲ. ನಾನು ಹೇಳಿಯೇ ಹೇಳುತ್ತೇನೆ ಎಂದೆ. ಮದುವೆ ತಪ್ಪಿದರೆ ಒಂದು ಮದುವೆ ತಪ್ಪಿತು. ಮುಚ್ಚಿಟ್ಟು ಮದುವೆಯಾದರೆ, ಬಸಿರು ನಿಂತಾಗ ನಾನು ಪರೀಕ್ಷೆಗೆ ಹೋಗಲಾರೆ, ಹೋದರೆ ಏಕೆಂದು ಹೇಳಲಾರೆ. ಆ ಮೌನದಲ್ಲಿ ನನ್ನ ಕೂಸನ್ನು ನಾನೇ ಬಿಟ್ಟುಕೊಟ್ಟಂತೆ.

ಅವರು ಮೂವರು ಬಂದರು: ಹುಡುಗ, ಅವನ ತಾಯಿ, ಅವನ ದೊಡ್ಡಪ್ಪ. ಅವಲಕ್ಕಿ ಕೊಟ್ಟೆ, ಚಹಾ ಕೊಟ್ಟೆ. ತಾಯಿ ನನ್ನ ಕೈ ಹಿಡಿದು ನೋಡಿ, "ರೊಟ್ಟಿ ಬರ್ತೈತೇನವ್ವಾ?" ಎಂದರು. "ಬರ್ತೈತ್ರಿ, ದುಂಡಗ ಬರೂದಿಲ್ಲ" ಎಂದೆ. ಅವರು ನಕ್ಕರು. ಒಳ್ಳೆಯ ನಗು ಇತ್ತು. ದೊಡ್ಡಪ್ಪ ಬಯೋಡಾಟಾವನ್ನು ಫೋನಿನಲ್ಲಿ ತೆರೆದು ಒಂದೊಂದೇ ಸಾಲು ಓದುತ್ತ ತಲೆಯಾಡಿಸುತ್ತಿದ್ದರು.

"ಓ ನೆಗೆಟಿವ್. ಕಮ್ಮಿ ಸಿಗೂ ರಕ್ತ ಅಂತಾರಲ್ಲ ಇದು?"

"ಹೌದ್ರಿ, ಭಾಳ ಬೆಲಿ ಐತಿ" ಎಂದು ಮಾಮಾ ಬೇಗ ಹೇಳಿದರು. "ಚಹಾ ಆರ್ತೈತಿ, ತಗೋರಿ."

"ಅದರ ಬಗ್ಗೆ ಒಂದು ಹೇಳೂದೈತ್ರಿ" ಎಂದೆ. ಕುರ್ಚಿಯಲ್ಲಿ ಕೂಡದೆ ನಿಂತೇ ಹೇಳಿದೆ. ಪಾಠ ಹೇಳುವಾಗ ನಿಲ್ಲುವುದು ನನಗೆ ರೂಢಿ. ಡೆಂಗ್ಯೂ ಬಂದದ್ದು, ಪಾಸಿಟಿವ್ ಪ್ಲೇಟ್‌ಲೆಟ್ ಏರಿಸಿದ್ದು, ಮೂರು ದಿನದೊಳಗೆ ಆ್ಯಂಟಿ-ಡಿ ಕೊಡಬೇಕಿದ್ದದ್ದು, ಕೊಡದೆ ಹೋದದ್ದು, ಈಗ ನನ್ನ ರಕ್ತದಲ್ಲಿ ಏನಿದೆ ಎಂಬುದು.

"ಯಾಕ ಕೊಡ್ಲಿಲ್ಲ?" ಹುಡುಗನ ತಾಯಿ ಕೇಳಿದರು.

ಮಾಮಾ ಕೆಮ್ಮಿದರು. ನಾನು ಹೇಳಿದೆ. "ಅದನ್ನ ಬಾಣಂತ್ಯಾರಿಗೂ ಕೊಡ್ತಾರ್ರಿ. ಲಗ್ನಾ ಆಗದ ಹುಡುಗಿಗೆ ಬಾಣಂತಿ ಸೂಜಿ ಕೊಡಿಸಿದ್ರ ಮಂದಿ ಏನಂದಾರು ಅಂತ ನಮ್ಮವರು ಹೆದರಿದ್ರು."

ದೊಡ್ಡಪ್ಪ ಅರ್ಧ ಕುಡಿದ ಚಹಾವನ್ನು ಕೆಳಗಿಟ್ಟರು. ಅವ್ವ ಅಡುಗೆಮನೆಯ ಬಾಗಿಲಿನಿಂದ ಹಿಂದಕ್ಕೆ ಸರಿದಳು.

"ಮಕ್ಕಳಾಗೂದಿಲ್ಲೇನವ್ವಾ ಹಂಗಾರ?" ಎಂದರು ತಾಯಿ.

"ಆಗ್ತಾವ್ರಿ. ಬಸಿರಿನ್ಯಾಗ ಕಾಳಜಿ ಭಾಳ ಬೇಕು. ಮೊದಲ ಗೊತ್ತಿದ್ರ ದಾರಿ ಐತಿ. ಅದಕ್ಕ ಮೊದಲ ಹೇಳಾಕತ್ತೇನಿ."

"ಅಂದ್ರ ರಕ್ತದಾಗ ದೋಷ ಐತಿ" ದೊಡ್ಡಪ್ಪ ತೀರ್ಪಿನ ಹಾಗೆ ಹೇಳಿದರು.

"ದೋಷಲ್ರಿ ದೊಡ್ಡಪ್ಪಾ. ಇದ ರಕ್ತದ ನೀರು ತಗೊಂಡು ಆ ಸೂಜಿ ತಯಾರ ಮಾಡ್ತಾರ. ನಿಮ್ಮ ಬೋರಗಾಂವದಾಗೂ ಯಾರೋ ತಾಯಿಗೆ ಚುಚ್ಚಿರ್ತಾರ, ಆಕಿ ಕೂಸು ಉಳದಿರ್ತೈತಿ. ಅದನ್ನ ದೋಷ ಅಂತ ಯಾರೂ ಅಂದಿಲ್ಲ." ಆಮೇಲೆ ಹುಡುಗನ ಕಡೆ ತಿರುಗಿದೆ. "ನಿಮ್ಮ ರಕ್ತ ಯಾವುದ್ರಿ? ನಿಮ್ಮ ಬಯೋಡಾಟಾದಾಗ ಇಲ್ಲ."

ಹುಡುಗ ಬೆಚ್ಚಿಬಿದ್ದ. "ನಂದಾ? ಲೈಸೆನ್ಸ್‌ನ್ಯಾಗ ಬಿ ಪಾಸಿಟಿವ್ ಅಂತೈತಿ. ಏಜಂಟ್ ಬರದದ್ದು. ಅವ ಎಲ್ಲಾರ್ಗೂ ಬಿ ಪಾಸಿಟಿವ್ ಬರೀತಾನ."

ನಾನೇ ನಕ್ಕುಬಿಟ್ಟೆ, ಅವನೂ ನಕ್ಕ. ದೊಡ್ಡಪ್ಪ ನಗಲಿಲ್ಲ. "ಗಂಡಿನ ರಕ್ತ ಕೇಳೂ ಪದ್ಧತಿ ನಮ್ಮಲ್ಲಿ ಇಲ್ಲ" ಎಂದು ಎದ್ದರು.

"ಕೂಸಿಗೆ ಅರ್ಧ ಅವರ ರಕ್ತನೂ ಬರ್ತೈತಲ್ರಿ" ಎಂದೆ. "ಅವರದು ನೆಗೆಟಿವ್ ಇದ್ರ ನನ್ನ ರಕ್ತದಿಂದ ಏನೂ ಆಗೂದಿಲ್ಲ. ಗೊತ್ತಿಲ್ಲದ ಅರ್ಧಾ ಯಾವುದು ಅನ್ನೂದು ನೋಡಬೇಕು, ನಂದಂತೂ ಹೇಳೇನಿ."

ಹುಡುಗನ ತಾಯಿ ಹೋಗುವಾಗ ನನ್ನ ತಲೆಯ ಮೇಲೆ ಕೈ ಇಟ್ಟರು. ಗಾಡಿಯ ಸಪ್ಪಳ ದೂರವಾದ ಮೇಲೆ ಮಾಮಾ ಬಾಯಿ ತೆಗೆದರು. ಬಂಗಾರದಂಥ ಮನೆ ಕಳೆದೆ, ನನ್ನ ಮಾನ ತೆಗೆದೆ, ಮಂದಿ ಮುಂದೆ ಬಾಣಂತಿ ಅಂದೆಯಲ್ಲ ಎಂದರು. "ಬಾಯಿ ಮುಚ್ಚಿಕೊಂಡು ಇದ್ದಿದ್ರ ಲಗ್ನಾ ಆಗಿ ಹೋಗ್ತಿತ್ತು!"

"ಹೌದು ಮಾಮಾ, ಲಗ್ನಾ ಆಗಿ ಹೋಗ್ತಿತ್ತು. ಆಮ್ಯಾಲ ಕೂಸು ಹೋಗಿದ್ರ ಯಾರ ಹೆಸರು ಹೇಳ್ತಿದ್ರು? ಸೊಸಿ ಕಾಲ್ಗುಣ ಅಂತಿದ್ರು."

ಅವ್ವ ಅಳುತ್ತಿದ್ದಳು. ಅಪ್ಪ ಇಷ್ಟು ಹೊತ್ತೂ ಕಂಬಕ್ಕೆ ಒರಗಿ ಉಳಿದ ಅವಲಕ್ಕಿ ತಿನ್ನುತ್ತಿದ್ದ. ತಟ್ಟೆ ಕೆಳಗಿಟ್ಟು, "ಹುಡುಗಿ ಹೇಳೂದು ಬರೋಬರಿ ಐತಿ" ಎಂದ. ಒಂದು ವರ್ಷದಿಂದ ಆ ವಿಷಯದ ಬಗ್ಗೆ ಅಪ್ಪನ ಬಾಯಿಂದ ಬಂದ ಮೊದಲ ಮಾತು ಅದು.

ಎಂಟು ಹತ್ತು ದಿನಗಳ ಮೇಲೆ ಗೊತ್ತಿಲ್ಲದ ನಂಬರಿನಿಂದ ನನಗೊಂದು ಮೆಸೇಜು ಬಂತು. ಬೋರಗಾಂವದ ಹುಡುಗ. ನಿಪ್ಪಾಣಿಗೆ ಹೋಗಿ ರಕ್ತ ತೋರಿಸಿದೆ, ಏಜಂಟ್ ಸುಳ್ಳು ಬರೆದಿರಲಿಲ್ಲ, ಬಿ ಪಾಸಿಟಿವ್ವೇ ಬಂತು, ಮನೆಯಲ್ಲಿ ದೊಡ್ಡಪ್ಪ ಒಪ್ಪುತ್ತಿಲ್ಲ, ನನಗೂ ಧೈರ್ಯ ಸಾಲದು, ಕ್ಷಮಿಸಿ ಎಂದಿತ್ತು. ಕ್ಷಮಿಸುವಂಥದ್ದೇನಿಲ್ಲ, ತೋರಿಸಿಕೊಂಡು ತಿಳಿಸಿದ್ದು ದೊಡ್ಡದು ಎಂದು ಬರೆದೆ. ಅದು ಬರೀ ಮರ್ಯಾದೆಯ ಮಾತಲ್ಲ. ಧೈರ್ಯ ಸಾಲದು ಎಂದು ಬರೆದ ಗಂಡಸನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಆ ಭಾನುವಾರ ನನ್ನ ಬಯೋಡಾಟಾವನ್ನು ಹೊಸದಾಗಿ ಮಾಡಿದೆ. ಗಣಪತಿಯನ್ನು ಹಾಗೆಯೇ ಬಿಟ್ಟೆ. ರಕ್ತಗಟದ ಸಾಲನ್ನು ಹೀಗೆ ಬರೆದೆ: "ಓ ನೆಗೆಟಿವ್. ರಕ್ತದಲ್ಲಿ ಆ್ಯಂಟಿ-ಡಿ ಇದೆ, ವಿವರ ಕೇಳಿದರೆ ಹೇಳುತ್ತೇವೆ. ಗಂಡಿನ ರಕ್ತಗಟ ಪರೀಕ್ಷೆ ಮಾಡಿಸಿ ತಿಳಿಸಬೇಕು." ನಮ್ಮ ಸಮಾಜದ ವಧೂವರರ ವಾಟ್ಸಾಪ್ ಗುಂಪಿಗೆ ಹಾಕಿದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ, ಎಲ್ಲ ತಾಲೂಕಿನವರೂ ಅದರಲ್ಲಿದ್ದಾರೆ. ಗುಂಪಿನ ಅಡ್ಮಿನ್ ನಮ್ಮ ಮಾಮಾ.

ಚಹಾ ಕುಡಿದು ಬರುವಷ್ಟರಲ್ಲಿ ಅದು ಅಳಿಸಿಹೋಗಿತ್ತು. ಅಡ್ಮಿನ್ ಅಳಿಸಿದ್ದಾರೆ ಎಂದು ಬೂದು ಅಕ್ಷರದಲ್ಲಿ ಇತ್ತು. ಮತ್ತೆ ಹಾಕಿದೆ. ಮತ್ತೆ ಹೋಯಿತು. ಮೂರನೆಯ ಸಲ ಹಾಕಿದಾಗ ಮಾಮಾ ಫೋನ್ ಮಾಡಿದರು.

"ಏ ಹುಡುಗಿ, ಆ ಸಾಲು ತಗೀ. ಉಳದದ್ದು ಎಲ್ಲಾ ಬೆಸ್ಟ್ ಐತಿ. ನೀ ಎಷ್ಟ ಸಲ ಹಾಕಿದ್ರೂ ನಾ ಅಳಸಾಂವ."

"ಅಳಸ್ರಿ. ನನಗ ಇವತ್ತ ಸೂಟಿ ಐತಿ."

ಅಪ್ಪ ಅಂಗಳದಲ್ಲಿ ಔಷಧ ಹೊಡೆಯುವ ಪಂಪು ಬಿಚ್ಚಿಕೊಂಡು ಕುಳಿತಿದ್ದ. ಮಾತು ಕೇಳಿಸಿಕೊಂಡು, ಕೈ ಧೋತರಕ್ಕೆ ಒರೆಸಿಕೊಂಡು, "ನನಗ ಕಳಸು ಅದನ್ನ" ಎಂದ. ಅಪ್ಪನಿಗೆ ಮುಂದಕ್ಕೆ ಕಳಿಸುವುದು ಬರುವುದಿಲ್ಲ. ತೋರಿಸಿಕೊಟ್ಟೆ. ಬೆರಳಿನ ತುದಿಯಿಂದ ಮೆಲ್ಲಗೆ, ಬಳ್ಳಿಯ ಕಣ್ಣು ಮುಟ್ಟುವ ಹಾಗೆ, ಗುಂಪಿನ ಹೆಸರು ಒತ್ತಿದ. ಬಯೋಡಾಟಾ ಅಪ್ಪನ ಹೆಸರಿನಿಂದ ಹೋಗಿ ಕುಳಿತಿತು. ಅದರ ಕೆಳಗೆ ಅಪ್ಪ ಒಂದು ಧ್ವನಿ ಸಂದೇಶವನ್ನೂ ಹಾಕಿದ: "ನಮ್ಮ ಮಗಳ್ದು ಐತ್ರಿ. ಬರದದ್ದು ಖರೇ ಐತಿ. ಓದಿ ಫೋನ್ ಮಾಡ್ರಿ."

ಇನ್ನು ಅದನ್ನು ಅಳಿಸುವುದೆಂದರೆ ಮಾಮಾ ತಮ್ಮ ಅಕ್ಕನ ಗಂಡನ ಮಾತನ್ನು ಐದು ತಾಲೂಕಿನ ಎದುರು ಅಳಿಸಿದಂತೆ. ನಮ್ಮ ಮನೆತನಗಳಲ್ಲಿ ಅದು ಆಗುವ ಕೆಲಸವಲ್ಲ. ಹಬ್ಬಕ್ಕೆ ಬಂದ ಅಕ್ಕನ ಗಂಡನ ಕಾಲಿಗೆ ಮಾಮಾ ಇಂದಿಗೂ ನೀರು ಕೊಡುತ್ತಾರೆ. ನಾನೂ ಅವ್ವನೂ ಅಪ್ಪನ ಫೋನನ್ನು ನಡುವೆ ಇಟ್ಟುಕೊಂಡು ನೋಡುತ್ತ ಕುಳಿತೆವು. ಅವ್ವ ಯಾರ ಕಡೆ ಇದ್ದಳೋ ನನಗೆ ತಿಳಿಯಲಿಲ್ಲ. ಆಕೆ ಸೆರಗಿನ ತುದಿ ಸುತ್ತುತ್ತಿದ್ದಳು. ಬಹಳ ಹೊತ್ತಿನ ಮೇಲೆ ಮಾಮಾನಿಂದ ಒಂದು ಕೈಮುಗಿದ ಚಿತ್ರ ಬಂತು. ಬೇರೇನೂ ಇಲ್ಲ.

"ಇರಲಿ ಬಿಡು" ಎಂದಳು ಅವ್ವ, ಫೋನಿಗೆ ಹೇಳಿದಂತೆ.

ಬಯೋಡಾಟಾ ಅಲ್ಲೇ ಇದೆ. ಈ ತಿಂಗಳು ಎರಡು ಮನೆಯವರು ಫೋನ್ ಮಾಡಿದ್ದಾರೆ. ಎರಡು ಸಲವೂ ಅಪ್ಪ ಕ್ಷೇಮ ಸಮಾಚಾರ ಮುಗಿಯುವ ಮೊದಲೇ, "ಹುಡುಗನ ರಕ್ತ ಯಾವುದ್ರಿ?" ಎಂದು ಕೇಳಿದ. ಚಿಕ್ಕೋಡಿಯವರು ಫೋನ್ ಇಟ್ಟರು. ರಾಯಬಾಗದವರು, "ತಡೀರಿ, ಅವ ಹೊಲಕ್ಕ ಹೋಗ್ಯಾನ, ಬಂದ ಮ್ಯಾಲ ಕರಕೊಂಡು ಹೋಗಿ ತೋರಿಸಿ ಹೇಳ್ತೀವಿ" ಎಂದಿದ್ದಾರೆ.